ಸಿಕ್ಕಿಬೀಳಬಾರದು ಅಂತ ಯಾರಿಗೆ ಅನ್ನಿಸಿತು, ಕೈ ಎತ್ತಿ

ಜುಲೈ ತಿಂಗಳಲ್ಲಿ ವಿರಾಜಪೇಟೆಯ ಒಂದು ಕಾಲೇಜಿನಲ್ಲಿ ಮಾತಾಡಿದ್ದು ಇದು. ಬರೆದು ಕೊಡಿ ಅಂತ ಅಲ್ಲಿನ ಕನ್ನಡ ಮೇಡಂ ಎರಡು ಸಲ ಫೋನ್ ಮಾಡಿದರು. ನೆನಪಿದ್ದಷ್ಟನ್ನು ಹೇಳಿದ ಹಾಗೆಯೇ ಇಟ್ಟಿದ್ದೇನೆ. ಕೊನೆಗೆ, ಅಲ್ಲಿ ಹೇಳದೆ ನುಂಗಿಕೊಂಡಿದ್ದ ಒಂದು ವಿಷಯವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊರಗೆ ಬೋರ್ಡಿನಲ್ಲಿ ‘ಇಂದಿನ ಸಿನಿಮಾಗಳಲ್ಲಿ ಜೀವನ ಮೌಲ್ಯಗಳು’ ಅಂತ ಬರೆದಿದ್ದೀರಿ. ಮೇಡಂ ನನ್ನನ್ನು ಸಿನಿಮಾ ಚಿಂತಕರು ಅಂದರು. ಚಿಂತೆ ಇದೆ, ಚಿಂತಕ ಅಲ್ಲ. ಗೋಣಿಕೊಪ್ಪದಲ್ಲಿ ಮೊದಲು ಕ್ಯಾಸೆಟ್ ಅಂಗಡಿ ಇಟ್ಟಿದ್ದೆ, ಆಮೇಲೆ ಸಿಡಿ, ಆಮೇಲೆ ಕೇಬಲ್. ಇಲ್ಲಿ ಕೂತಿರೋ ಕೆಲವರ ಅಪ್ಪಂದಿರು ನನಗೆ ಇನ್ನೂ ಲೇಟ್ ಫೀಸ್ ಕೊಡಬೇಕು. ಮೌಲ್ಯದ ಬಗ್ಗೆ ಮಾತಾಡೋಕೆ ನನಗೆ ಅರ್ಹತೆ ಇದೆಯಾ ಅಂತ ಕೇಳಿದರೆ, ನನ್ನ ಅಂಗಡಿಯ ಸಿಡಿಗಳಲ್ಲಿ ಅರ್ಧಕ್ಕರ್ಧ ಕಳ್ಳ ಸಿಡಿ. ಅಷ್ಟು ಸತ್ಯ ಮೊದಲೇ ಹೇಳಿಬಿಡುತ್ತೇನೆ.

ಪೆನ್ ಡ್ರೈವ್‌ನಲ್ಲಿ ನಾಲ್ಕು ದೃಶ್ಯ ಹಾಕಿಕೊಂಡು ಬಂದಿದ್ದೆ. ನೋಡಿದರೆ ಕರೆಂಟ್ ಇಲ್ಲ. ಈ ಮಳೆಯಲ್ಲಿ ಇವತ್ತು ಬರೋದೂ ಇಲ್ಲ. ಜನರೇಟರ್ ಮೈಕಿಗೆ ಮಾತ್ರ ಸಾಕಂತೆ. ಇರಲಿ, ಒಳ್ಳೆಯದೇ ಆಯಿತು. ನೀವೆಲ್ಲ ನೋಡಿರೋ ಸಿನಿಮಾಗಳೇ ಇವು, ಕಣ್ಣು ಮುಚ್ಚಿದರೆ ಬರುತ್ತೆ.

ಕ್ಯಾಸೆಟ್ ವಾಪಸ್ ಕೊಡೋಕೆ ಬಂದವರನ್ನು ನಾನು ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದೆ. ಹೇಗಿತ್ತು? ‘ಸೂಪರ್’ ಅಂದರೆ ಇನ್ನೊಂದು ಕಾಪಿ ತರಿಸಬೇಕು. ‘ಪರವಾಗಿಲ್ಲ’ ಅಂದರೆ ಇರೋದು ಸಾಕು. ಇನ್ನು ಕೆಲವರು ಸ್ವಲ್ಪ ಯೋಚಿಸಿ ‘ನೀತಿ ಇದೆ’ ಅನ್ನುತ್ತಿದ್ದರು. ಹಾಗಂದರೆ ಅರ್ಧ ನೋಡಿ ಆಫ್ ಮಾಡಿದ್ದಾರೆ ಅಂತ ಅರ್ಥ. ರಿವೈಂಡ್ ಮಾಡದೆ ತಂದ ಕ್ಯಾಸೆಟ್ ತಿರುಗಿಸಿ ನೋಡಿದರೆ ಟೇಪು ನಡುವಲ್ಲೇ ನಿಂತಿರುತ್ತಿತ್ತು. ಅವತ್ತಿಂದ ನನಗೊಂದು ಅನುಮಾನ. ಸಿನಿಮಾ ನೇರವಾಗಿ ಹೇಳೋ ನೀತಿ ಯಾರ ತಲೆಗೂ ಹೋಗೋದಿಲ್ಲ. ತಲೆಗೆ ಹೋಗೋದು ಬೇರೆ ಏನೋ, ಅದೂ ನಮಗೆ ಗೊತ್ತಾಗದ ಹಾಗೆ. ಅದನ್ನು ಹಿಡಿಯೋದು ಹೇಗೆ ಅಂತ ನನಗೆ ಗೊತ್ತಿರೋದು ಒಂದೇ ದಾರಿ. ಕತ್ತಲಲ್ಲಿ ಕೂತಾಗ ನಾನು ಯಾರ ಪರ ಇದ್ದೆ? ಯಾರಿಗೆ ಏನೂ ಆಗದಿರಲಿ ಅಂತ ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ? ಲೈಟ್ ಬಂದ ಮೇಲೆ ಅದನ್ನೊಮ್ಮೆ ನೆನೆಸಿಕೊಂಡು ನೋಡಿ.

‘ದೃಶ್ಯ’ ನೋಡದವರು ಯಾರಾದರೂ ಇದ್ದೀರಾ? ಮಲಯಾಳದಲ್ಲಿ 2013ರಲ್ಲಿ ಬಂತು, ಜೀತು ಜೋಸೆಫ್ ಮಾಡಿದ್ದು. ಮರುವರ್ಷವೇ ಕನ್ನಡಕ್ಕೆ ಬಂತು, ರವಿಚಂದ್ರನ್ ಹೀರೋ. ನಮ್ಮ ಕಡೆ ಎರಡೂ ಭಾಷೆಯಲ್ಲಿ ನೋಡಿದವರು ತುಂಬಾ ಜನ. ಕನ್ನಡದಲ್ಲಿ ಹೀರೋ ಹೆಸರು ರಾಜೇಂದ್ರ ಪೊನ್ನಪ್ಪ, ಕೆಲಸ ಕೇಬಲ್ ಆಪರೇಟರ್. ಓದು ಕಡಿಮೆ, ರಾತ್ರಿಯೆಲ್ಲ ಆಫೀಸಲ್ಲಿ ಕೂತು ಸಿನಿಮಾ ನೋಡೋದು. ಅವನ ಮಗಳ ಕೈಯಲ್ಲಿ ಒಬ್ಬ ಹುಡುಗ ಸಾಯುತ್ತಾನೆ, ಹೆಣ ಗೊಬ್ಬರದ ಗುಂಡಿಗೆ ಹೋಗುತ್ತೆ, ಮನೆಯವರನ್ನು ಉಳಿಸೋಕೆ ಇವನು ಎಲ್ಲ ಮುಚ್ಚಿಹಾಕುತ್ತಾನೆ. ಆ ಸಿನಿಮಾ ಬಂದ ಮೇಲೆ ಒಂದು ವರ್ಷ ನನ್ನನ್ನು ಊರಲ್ಲಿ ಪೊನ್ನಪ್ಪ ಅಂತಲೇ ಕರೆದರು. ಬಿಲ್ ವಸೂಲಿಗೆ ಹೋದರೆ ‘ನಿಮ್ಮ ಗೊಬ್ಬರದ ಗುಂಡಿಯಲ್ಲಿ ಯಾರಿದ್ದಾರೆ’ ಅಂತ ಕೇಳಿ ನಗೋರು.

ಈಗ ಕೈ ಎತ್ತಿ. ಪೊನ್ನಪ್ಪ ಪೊಲೀಸರಿಗೆ ಸಿಕ್ಕಿಬೀಳಬಾರದು ಅಂತ ಯಾರಿಗೆಲ್ಲ ಅನ್ನಿಸಿತು?

(ಎಲ್ಲರೂ ಎತ್ತಿದರು. ಹಿಂದೆ ನಿಂತಿದ್ದ ಮೇಷ್ಟ್ರೊಬ್ಬರೂ ಎತ್ತಿದರು.)

ನಾನೂ ಎತ್ತುತ್ತೇನೆ. ಸರಿ. ಸತ್ತ ಹುಡುಗನ ತಾಯಿಗೆ ಮಗ ಏನಾದ ಅಂತ ಗೊತ್ತಾಗಲಿ ಅಂತ ಸಿನಿಮಾ ನೋಡುವಾಗಲೇ ಎಷ್ಟು ಜನಕ್ಕೆ ಅನ್ನಿಸಿತು?

(ನಾಲ್ಕು ಕೈ. ಅದರಲ್ಲಿ ಎರಡು ಅರ್ಧಕ್ಕೇ ನಿಂತವು.)

ಅಲ್ವಾ? ಆ ಹುಡುಗ ಮಾಡಿದ್ದು ದೊಡ್ಡ ತಪ್ಪು. ಹೆಣ್ಣುಮಗಳು ಸ್ನಾನ ಮಾಡೋದನ್ನು ಮೊಬೈಲಲ್ಲಿ ತೆಗೆದು ಹೆದರಿಸುತ್ತಾನೆ. ಅವಳು ಹೊಡೆದಿದ್ದು ತನ್ನನ್ನು ಉಳಿಸಿಕೊಳ್ಳೋಕೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆಮೇಲಿನ ಎರಡು ಗಂಟೆ ನಾವು ಕಾಯುತ್ತಾ ಕೂತಿದ್ದು, ಒಬ್ಬ ತಾಯಿಗೆ ತನ್ನ ಮಗನ ಹೆಣ ಸಿಗದೇ ಇರಲಿ ಅಂತ. ಇದನ್ನು ಹೀಗೆ ಬಿಡಿಸಿ ಹೇಳಿದರೆ ಕೆಟ್ಟದಾಗಿ ಕೇಳುತ್ತೆ. ಸಿನಿಮಾದಲ್ಲಿ ಹಾಗೆ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂತ ನಾನು ಮೂರ್ನಾಲ್ಕು ಸಲ ನೋಡಿದೆ. ಒಂದು ಪೊಲೀಸ್ ಪಾತ್ರ ಇದೆಯಲ್ಲ, ಚಿಕ್ಕ ಹುಡುಗಿಗೂ ಹೊಡೆಯೋನು. ಅವನು ಕೈ ಎತ್ತಿದ ತಕ್ಷಣ ನಮ್ಮ ಲೆಕ್ಕ ಮುಗಿಯಿತು. ಇನ್ನು ಪೊನ್ನಪ್ಪ ಏನು ಮಾಡಿದರೂ ಸರಿ. ನಿರ್ದೇಶಕ ಜಾಣ. ಚೆರಿ ಕಾಫಿ ಮಾರೋಕೆ ಹೋದಾಗ ನೋಡಿದ್ದೀರಲ್ಲ, ಚೀಲ ತೂಗಿದ ಮೇಲೂ ವ್ಯಾಪಾರಿ ಅದರಿಂದ ಒಂದಿಷ್ಟು ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ ಔಟರ್ನ್ ಎಷ್ಟು ಅಂತ ನೋಡುತ್ತಾನೆ. ಐವತ್ತು ಕೆಜಿ ಚೀಲದಲ್ಲಿ ಬೇಳೆ ಇಪ್ಪತ್ತಾರೋ ಇಪ್ಪತ್ತೆಂಟೋ ಅಂತ ಗೊತ್ತಾಗೋದು ಆವಾಗಲೇ. ನಾವು ಸಿನಿಮಾವನ್ನು ಚೀಲದ ತೂಕಕ್ಕೇ ಕೊಂಡು ಮನೆಗೆ ಬರುತ್ತೇವೆ.

ಇನ್ನೊಂದು ವಿಷಯ, ಇದು ಕೇಬಲ್‌ನವನಾಗಿ ಹೇಳೋದು. ಆ ಸಿನಿಮಾದಲ್ಲಿ ನನಗೆ ಪಾಪ ಅನ್ನಿಸೋದು ಸಾಕ್ಷಿಗಳನ್ನು ನೋಡಿ. ಬಸ್ ಕಂಡಕ್ಟರ್, ಹೋಟೆಲಿನವನು, ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸೋನು. ಇವರು ಯಾರೂ ಸುಳ್ಳು ಹೇಳಿಲ್ಲ. ಆ ದಿನ ಮನೆಯವರ ಜೊತೆ ಬೇರೆ ಊರಲ್ಲಿದ್ದೆ ಅಂತ ತೋರಿಸೋಕೆ ಪೊನ್ನಪ್ಪ ಅವರ ತಲೆಯಲ್ಲಿ ಒಂದು ತಾರೀಕು ಕೂರಿಸಿಬಿಟ್ಟ, ಅವರು ನಂಬಿ ಹೇಳಿದರು, ಅಷ್ಟೇ. ನಾಳೆ ನಿಜ ಗೊತ್ತಾದರೆ ಆ ಕಂಡಕ್ಟರ್ ಮನೆಯಲ್ಲಿ ರಾತ್ರಿ ಹೇಗೆ ಮಲಗುತ್ತಾನೆ? ಅವನ ಬಗ್ಗೆ ಯಾರೂ ಸಿನಿಮಾ ಮಾಡಲ್ಲ.

ಪವನ್ ಕುಮಾರ್ ಮಾಡಿದ ‘ಯು ಟರ್ನ್’ 2016ರದ್ದು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರ್ ಕಲ್ಲು ಸರಿಸಿ ಯು ಟರ್ನ್ ಹೊಡೆಯುತ್ತಾರೆ, ಕಲ್ಲನ್ನು ರಸ್ತೆ ಮೇಲೇ ಬಿಟ್ಟು ಹೋಗುತ್ತಾರೆ. ಅರ್ಧ ಕಿಲೋಮೀಟರ್ ಉಳಿಸೋಕೆ. ದೆವ್ವದ ಕಥೆ ಅಂತ ನೋಡಿದವರೇ ಹೆಚ್ಚು, ಆದರೆ ದೆವ್ವಕ್ಕಿಂತ ಆ ಕಲ್ಲು ನನ್ನನ್ನು ಹೆದರಿಸಿತು, ಯಾಕೆಂದರೆ ಅಂಥ ಕಲ್ಲನ್ನು ನಾನೂ ಸರಿಸಿದ್ದೇನೆ. ಇಲ್ಲಿ ಫ್ಲೈಓವರ್ ಇಲ್ಲ, ಆದರೆ ತಿರುವಿನಲ್ಲಿ ಜೀಪು ಕೆಟ್ಟಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ಹಾಗೇ ಬಿಟ್ಟು ಹೊರಟವರು ಎಷ್ಟು ಜನ? ಹಿಂದೆ ಬಂದ ಬೈಕಿನವನಿಗೆ ಏನಾಯಿತು ಅಂತ ನಮಗೆ ಗೊತ್ತಾಗೋದೇ ಇಲ್ಲ. ಆ ಸಿನಿಮಾದ ಕೊನೆಯಲ್ಲಿ ಕಲ್ಲು ಸರಿಸಿದ್ದು ಯಾರು ಅಂತ ತಿಳಿಯುತ್ತೆ. ನೋಡದವರಿಗೆ ಹೇಳಲ್ಲ, ನೋಡಿ.

‘ತಿಥಿ’ ಬಗ್ಗೆ ಗಂಭೀರವಾಗಿ ಮಾತಾಡೋದು ಕಷ್ಟ, ನಗು ಬರುತ್ತೆ. ಮಂಡ್ಯದ ಕಡೆಯ ಹಳ್ಳಿ, ಪಾತ್ರ ಮಾಡಿದವರು ಊರಿನವರೇ. ನೂರಾ ಒಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಜಮೀನು ಅವನ ಮಗ ಗಡ್ಡಪ್ಪನಿಗೆ ಬರಬೇಕು. ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ. ಅದಕ್ಕೆ ಅವನ ಮಗ ತಮ್ಮಣ್ಣ ಬದುಕಿರೋ ಅಪ್ಪನ ಹೆಸರಲ್ಲಿ ಡೆತ್ ಸರ್ಟಿಫಿಕೇಟ್ ಮಾಡಿಸುತ್ತಾನೆ. ಇದನ್ನು ಅಂಗಡಿಯ ಟಿವಿಯಲ್ಲಿ ಹಾಕಿದ್ದಾಗ ಬಂದವರೆಲ್ಲ ನಕ್ಕರು. ನಗದವರು ಒಬ್ಬರೇ, ಮುತ್ತಜ್ಜನ ಹೆಸರಲ್ಲಿರೋ ಜಾಗದ ಪೌತಿ ಖಾತೆಗೆ, ಅಂದರೆ ಸತ್ತವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಏಳು ವರ್ಷದಿಂದ ಓಡಾಡುತ್ತಿದ್ದವರು. ‘ತಮ್ಮಣ್ಣ ಮಾಡಿದ್ದರಲ್ಲಿ ತಪ್ಪೇನಿದೆ?’ ಅಂದರು. ಅವರಿಗೆ ಏನು ಹೇಳ್ತೀರಿ? ನಾನು ಟೀ ತರಿಸಿದೆ.

ಈಗ ‘ಕಾಂತಾರ’. 2022. ಇದನ್ನು ಮೈಸೂರಿಗೆ ಹೋಗಿ ನೋಡಿದೆ. ಕೊನೆಯ ಇಪ್ಪತ್ತು ನಿಮಿಷ ನಾನೂ ಎಲ್ಲರ ಹಾಗೆ ಕುರ್ಚಿ ತುದಿಯಲ್ಲಿದ್ದೆ. ಪಕ್ಕದಲ್ಲಿದ್ದವರು ಕೈ ಮುಗಿದರು. ಕಾಡಿನ ಜನರಿಗೆ ಅವರ ಜಾಗ ಸಿಗಲಿ ಅಂತ ಇಡೀ ಥಿಯೇಟರ್ ಒಂದಾಗಿತ್ತು. ಒಳ್ಳೆಯದೇ. ವಾಪಸ್ ಬರುವಾಗ ಕಾರು ತಿತಿಮತಿ ಹತ್ತಿರ ಕಾಡಿನ ಒಳಗೆ ಬಂತು, ಆವಾಗ ನೆನಪಾಯಿತು. 2016ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ ನೂರಾರು ಗುಡಿಸಲು ಕೆಡವಿದರು. ಅರಣ್ಯದ ಜಾಗ ಅಂತ. ಜೇನುಕುರುಬರು, ಯರವರು, ಚಳಿಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಬಯಲಲ್ಲಿ ಕೂತರು. ನನ್ನ ಕೇಬಲ್‌ನಲ್ಲೇ ಆ ಸುದ್ದಿ ಬರುತ್ತಿತ್ತು. ನಾನು ಹೋಗಲಿಲ್ಲ. ನಮ್ಮ ಪಟ್ಟಣದಲ್ಲಿ ಆವಾಗ ನಡೆದ ಮಾತೇನು ಗೊತ್ತಾ? ‘ಇವರೆಲ್ಲ ಇಲ್ಲಿ ಬಂದು ಕೂತರೆ ತೋಟದ ಕೆಲಸಕ್ಕೆ ಯಾರು ಬರುತ್ತಾರೆ?’ ನಾನೂ ತಲೆಯಾಡಿಸಿದ್ದೆ.

ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದ ಕಡೆ ಜಾಗ ಕೊಟ್ಟರು, ಅದು ಬೇರೆ ಕಥೆ. ನಾನು ಹೇಳೋದು ಆರು ವರ್ಷದ ಅಂತರದ ಬಗ್ಗೆ. 2016ರಲ್ಲಿ ತಲೆಯಾಡಿಸಿದವನು 2022ರಲ್ಲಿ ಅದೇ ವಿಷಯಕ್ಕೆ ಚಪ್ಪಾಳೆ ಹೊಡೆದ. ಸಿನಿಮಾ ನನ್ನನ್ನು ಬದಲಾಯಿಸಿತಾ? ಇಲ್ಲ ಅನ್ನಿಸುತ್ತೆ. ಸಿನಿಮಾದಲ್ಲಿ ಒಬ್ಬ ಧಣಿ ಇದ್ದಾನೆ, ಕೆಟ್ಟವನು. ಅರಣ್ಯ ಅಧಿಕಾರಿಯನ್ನು ಮೊದಲು ವಿಲನ್ ಥರ ತೋರಿಸಿ ಆಮೇಲೆ ಊರಿನ ಜೊತೆ ನಿಲ್ಲಿಸುತ್ತಾರೆ. ಎಲ್ಲ ತಪ್ಪೂ ಧಣಿಯ ತಲೆಗೆ ಹೋಗುತ್ತೆ. ನಮಗೆ ಆರಾಮ. ನಮ್ಮಲ್ಲಿ ಅಂಥ ಒಬ್ಬ ಧಣಿಯನ್ನು ತೋರಿಸಿ ನೋಡೋಣ. ಇಲ್ಲಿ ಇಲಾಖೆ ಇದೆ, ಹುಲಿ ಇದೆ, ಆನೆ ಇದೆ, ತೋಟ ಇದೆ, ತೋಟದ ಕೆಲಸದವರ ಲೈನ್ ಮನೆ ಇದೆ, ಅಸ್ಸಾಮಿಂದ ಬಂದವರು ಇದ್ದಾರೆ, ಎರಡೆಕರೆ ಕಾಫಿ ಇಟ್ಟುಕೊಂಡು ನಾನೂ ಇದ್ದೇನೆ. ವಿಲನ್ ಪಾತ್ರಕ್ಕೆ ಯಾರನ್ನು ಹಾಕೋಣ?

(ಇಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದೇ ಜೋರಾಗಿತ್ತು. ಶೀಟಿನ ಮಾಡು. ಮೇಡಂ ನೀರಿನ ಬಾಟಲಿ ಕೊಟ್ಟರು.)

ಮನೆಯ ಒಂದು ವಿಷಯ ಹೇಳಿಬಿಡುತ್ತೇನೆ. 2021ರಲ್ಲಿ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಅಂತ ಮಲಯಾಳ ಸಿನಿಮಾ ಬಂತು. ನಾನೂ ನನ್ನ ಹೆಂಡತಿಯೂ ಮೊಬೈಲಲ್ಲಿ ನೋಡಿದೆವು. ಮದುವೆಯಾಗಿ ಬಂದ ಹುಡುಗಿ, ಅಡುಗೆಮನೆ, ತರಕಾರಿ ಹೆಚ್ಚೋದು, ಪಾತ್ರೆ, ಎಂಜಲು, ಮತ್ತೆ ಹೆಚ್ಚೋದು. ಮಾವನಿಗೆ ಅನ್ನ ಸೌದೆ ಒಲೆಯಲ್ಲೇ ಆಗಬೇಕು. ಸಿಂಕಿನ ಪೈಪು ಸೋರುತ್ತೆ, ಪ್ಲಂಬರ್‌ಗೆ ಹೇಳಿ ಅಂತ ಗಂಡನಿಗೆ ಎಷ್ಟು ಸಲ ಹೇಳಿದರೂ ಅವನಿಗೆ ನೆನಪಿರಲ್ಲ. ಸಿನಿಮಾ ಮುಗೀತು. ನಾನು ‘ಸ್ವಲ್ಪ ಜಾಸ್ತಿ ಆಯಿತು, ಎಲ್ಲ ಗಂಡಸರೂ ಹಾಗಿರಲ್ಲ’ ಅಂದೆ. ಅವಳು ಏನೂ ವಾದ ಮಾಡಲಿಲ್ಲ. ಮೊಬೈಲ್ ಚಾರ್ಜಿಗೆ ಹಾಕಿ, ‘ಹಿತ್ತಲ ನಲ್ಲಿಗೆ ವಾಷರ್ ತರ್ತೀನಿ ಅಂತ ನೀವು ಹೇಳಿ ಎಷ್ಟು ತಿಂಗಳಾಯ್ತು?’ ಅಂದಳು. ಊರಿಗೆಲ್ಲ ಕಂಬ ಹತ್ತಿ ವೈರ್ ಜೋಡಿಸೋ ಮನುಷ್ಯ ನಾನು. ಮಾರನೇ ದಿನ ವಾಷರ್ ತಂದೆ. ಅದರಿಂದ ನಾನು ದೊಡ್ಡ ಮನುಷ್ಯ ಆದೆ ಅಂತಲ್ಲ. ಆಮೇಲೆ ಮಿಕ್ಸಿ ಕೆಟ್ಟಿತು, ಅದು ಇನ್ನೂ ಕೆಟ್ಟೇ ಇದೆ.

ಕೊನೆಯದು, ‘ಸಪ್ತ ಸಾಗರದಾಚೆ ಎಲ್ಲೋ’. 2023, ಹೇಮಂತ್ ರಾವ್. ನಿಮ್ಮಲ್ಲಿ ಹುಡುಗಿಯರು ತುಂಬಾ ಜನ ಅತ್ತಿದ್ದೀರಿ ಅಂತ ಗೊತ್ತು. ಹುಡುಗರೂ ಅತ್ತಿದ್ದೀರಿ, ಹೇಳಿಕೊಂಡಿಲ್ಲ. ಮನು ಕಾರು ಓಡಿಸೋನು. ಯಜಮಾನರ ಮಗ ಆಕ್ಸಿಡೆಂಟ್ ಮಾಡುತ್ತಾನೆ. ತಪ್ಪು ನೀನು ಒಪ್ಪಿಕೋ, ಬೇಗ ಬಿಡಿಸ್ತೀವಿ, ದುಡ್ಡು ಕೊಡ್ತೀವಿ ಅನ್ನುತ್ತಾರೆ. ಸಮುದ್ರದ ಹತ್ತಿರ ಒಂದು ಮನೆ, ಪ್ರಿಯಾ, ಹಾಡು, ಇದೆಲ್ಲ ಬೇಕು ಅವನಿಗೆ. ಒಪ್ಪುತ್ತಾನೆ. ಆಮೇಲೆ ಆಗಿದ್ದು ನಿಮಗೆ ಗೊತ್ತು, ಜೈಲಿಗೆ ಹೋದವನನ್ನು ಯಾರೂ ಬಿಡಿಸಲಿಲ್ಲ. ಮನು ಹೊರಗೆ ಬರಲಿ, ಪ್ರಿಯಾ ಕಾಯಲಿ ಅಂತ ನಾವೆಲ್ಲ ಒದ್ದಾಡಿದೆವು.

ಆ ಕಾರಿಗೆ ಸಿಕ್ಕಿದವರ ಹೆಸರು ಯಾರಿಗಾದರೂ ನೆನಪಿದೆಯಾ?

(ಯಾರಿಗೂ ಇರಲಿಲ್ಲ.)

ನನಗೂ ಇಲ್ಲ. ನೋಡಿ, ಇಲ್ಲಿ ನಿಲ್ಲಿಸುತ್ತೇನೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದರು. ಮೂರನೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದಳು. ‘ಸರ್, ಕೊನೆಯ ಸಿನಿಮಾದ ಬಗ್ಗೆ ನೀವು ಬೇಗ ಮುಗಿಸಿದಿರಿ. ಯಾಕೆ?’ ಅಂದಳು. ಟೈಮ್ ಆಯಿತಮ್ಮ, ಮಳೆ ಬೇರೆ, ಅಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಥ್ಯಾಂಕ್ಸ್ ಸರ್ ಅಂತ ಕೂತಳು.

ಅದಕ್ಕೆ ಉತ್ತರ ಇದು.

1996. ಸಂತೆಯ ದಿನ. ಆವಾಗ ಅಂಗಡಿಯಲ್ಲಿ ಒಂದು ರೂಲ್ ಇಟ್ಟಿದ್ದೆ. ಸಂಜೆ ಆರರೊಳಗೆ ಕ್ಯಾಸೆಟ್ ವಾಪಸ್ ಬರಬೇಕು, ತಡವಾದರೆ ಐದು ರೂಪಾಯಿ ಜಾಸ್ತಿ. ಜಗಳ ಆಗಬಾರದು ಅಂತ ವಾಪಸ್ ಬಂದ ಟೈಮನ್ನೂ ರಿಜಿಸ್ಟರಿನಲ್ಲಿ ಬರೆದು, ಕೊಟ್ಟವರ ಸಹಿ ಹಾಕಿಸುತ್ತಿದ್ದೆ. ಅವತ್ತು ತೋಟದ ಮಾಲೀಕರೊಬ್ಬರ ಮಗ ಬಂದ. ಜೀಪಲ್ಲಿ ಅವನೊಬ್ಬನೇ. ಇಂಜಿನ್ ಆಫ್ ಮಾಡದೆ ಬಂದು ಕ್ಯಾಸೆಟ್ ಕೌಂಟರಿನ ಮೇಲಿಟ್ಟ. ಬಾಯಿ ವಾಸನೆ ಬರುತ್ತಿತ್ತು. ಲೇಟ್ ಫೀಸ್ ಆಮೇಲೆ ಕೊಡ್ತೀನಿ ಅಂದ, ಸಹಿ ಹಾಕಿದ, ಹೋದ.

ಅರ್ಧ ಗಂಟೆಯಲ್ಲಿ ಸುದ್ದಿ ಬಂತು. ಸಂತೆ ಮುಗಿಸಿ ಲೈನ್ ಮನೆಗೆ ನಡೆದುಕೊಂಡು ಹೋಗುತ್ತಿದ್ದ ಹೆಂಗಸಿಗೆ ಜೀಪು ಗುದ್ದಿದೆ. ನಾನು ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ರಸ್ತೆ ಮೇಲೆ ಒಣಮೀನಿನ ಪೊಟ್ಟಣ ಒಡೆದು ಬಿದ್ದಿತ್ತು. ಒಂದು ಚಪ್ಪಲಿ ಇತ್ತು. ಪೇಪರಿನಲ್ಲಿ ಕಟ್ಟಿದ್ದ ಎರಡು ಬಳೆ ಇತ್ತು, ಅದು ಒಡೆದಿರಲಿಲ್ಲ. ಜೀಪಿನ ಪಕ್ಕ ಅವರ ಡ್ರೈವರ್ ನಿಂತಿದ್ದ. ತಾನೇ ಓಡಿಸುತ್ತಿದ್ದೆ ಅಂತ ಎಲ್ಲರಿಗೂ ಹೇಳುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ನನ್ನ ಅಂಗಡಿಯ ಕಟ್ಟಡ ಆ ಮಾಲೀಕರದ್ದೇ. ಆ ವಾರ ಒಬ್ಬ ಪೊಲೀಸಿನವನು ಅಂಗಡಿಗೆ ಬಂದಿದ್ದ, ಕ್ಯಾಸೆಟ್ ತಗೊಳ್ಳೋಕೆ. ಅವನು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಡ್ರೈವರಿಗೆ ಕೋರ್ಟಿನಲ್ಲಿ ದಂಡ ಆಯಿತು, ಅವರೇ ಕಟ್ಟಿದರು. ಹೆಂಗಸಿನ ಕಾಲು ಸರಿಯಾಗಿ ಕೂಡಲಿಲ್ಲ. ಆಮೇಲೂ ಸಂತೆಗೆ ಬರುತ್ತಿದ್ದಳು, ಒಂದು ಕಡೆಗೆ ವಾಲಿಕೊಂಡು. ನನಗೆ ಅವಳ ಹೆಸರು ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಹತ್ತು ಹನ್ನೆರಡು ವರ್ಷ ಆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಆ ಡ್ರೈವರ್ ಸಿಕ್ಕಿದ್ದ. ಮಾತಿಗೆ ಮಾತು ಬಂದು, ಅವತ್ತು ಓಡಿಸಿದ್ದು ನೀನಲ್ಲ ಅಂತ ನನಗೆ ಗೊತ್ತಿತ್ತು ಅಂದೆ. ಅವನು ನನ್ನ ಮುಖವನ್ನೇ ನೋಡಿದ. ‘ಸುಮ್ನಿರಿ ಅಣ್ಣ. ನನ್ನ ಮಗಳ ಮದುವೆ ಅವರೇ ಮಾಡಿಸಿದ್ದು. ನನಗೇನೂ ನಷ್ಟ ಆಗಿಲ್ಲ’ ಅಂದ. ಸಿಟ್ಟಲ್ಲ, ಸಮಾಧಾನವಾಗಿಯೇ ಹೇಳಿದ. ಸಿನಿಮಾದ ಮನುವಿಗೆ ಮೋಸ ಆಯಿತು, ಇವನಿಗೆ ಆಗಲಿಲ್ಲ. ಮಾಲೀಕರು ಮಾತು ಉಳಿಸಿಕೊಂಡರು. ಅದನ್ನು ಕೇಳಿ ನನಗೆ ಒಂಥರಾ ನಿರಾಳವೂ ಆಯಿತು ಅಂತ ಒಪ್ಪಿಕೊಳ್ಳಬೇಕು. ಮನೆಗೆ ಬಂದ ಮೇಲೆ ಲೆಕ್ಕ ಹಾಕಿದರೆ, ಆ ಒಪ್ಪಂದದಲ್ಲಿ ಎಲ್ಲರಿಗೂ ಪಾಲು ಸಿಕ್ಕಿತ್ತು. ನನಗೂ, ಅಂಗಡಿ ಬಾಡಿಗೆ ಐದು ವರ್ಷ ಏರಿರಲಿಲ್ಲ. ಸಂತೆಯಿಂದ ಬರುತ್ತಿದ್ದವಳಿಗೆ ಬಿಟ್ಟು.

ಮೈಸೂರಿನಲ್ಲಿ ಆ ಸಿನಿಮಾ ನೋಡುವಾಗ ಮನು ‘ಹೂಂ’ ಅನ್ನೋ ಹೊತ್ತಿಗೆ ನಾನು ಎದ್ದು ಹೊರಗೆ ಹೋಗಿದ್ದೆ. ಮಗ ಹಿಂದೆಯೇ ಬಂದು ಶುಗರ್ ಕಮ್ಮಿ ಆಯ್ತಾ ಅಪ್ಪ ಅಂತ ಕೇಳಿದ. ಹೌದು ಅಂದೆ.

ಕಾಲೇಜಿಂದ ಬಂದ ರಾತ್ರಿ ಅಟ್ಟ ಹತ್ತಿ ಹಳೇ ರಿಜಿಸ್ಟರುಗಳನ್ನು ಇಳಿಸಿದೆ. ಮೂರಕ್ಕೆ ಗೆದ್ದಲು ಹತ್ತಿದೆ. 96ರದ್ದು ಚೆನ್ನಾಗಿಯೇ ಇದೆ, ಅಂಚು ಮಾತ್ರ ಬೂಷ್ಟು ಹಿಡಿದಿದೆ. ಆ ಪುಟ ಸಿಕ್ಕಿತು. ಅವನ ಸಹಿ ಇದೆ. ವಾಪಸ್ ಬಂದ ಟೈಮು 6.40, ನನ್ನದೇ ಅಕ್ಷರ. ಕೊನೆಯ ಕಾಲಮ್ಮಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ, ಬಾಕಿ 5 ರೂ.